ಹಳೆಯ ಲೋಕಲ್ ಗಾಡಿ ಏನಾಯಿತು?

ನಮ್ಮ ಕಚೇರಿಯಲ್ಲಿ ಡೆಡ್ ಸ್ಟಾಕ್ ರಜಿಸ್ಟರ್ ಎಂಬ ಒಂದು ದೊಡ್ಡ ಪುಸ್ತಕವಿದೆ. ಸರಕಾರಿ ಕಚೇರಿಗಳಲ್ಲಿ ದುಡಿಯುವ ವಾಚಕರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಕುರ್ಚಿ, ಮೇಜು, ಕಪಾಟು, ಗೋಡೆಯ ಗಡಿಯಾರ, ಎಲ್ಲವೂ ಕಚೇರಿಗೆ ಬಂದ ದಿನವೇ ಅದರಲ್ಲಿ ದಾಖಲಾಗುತ್ತವೆ. ವಯಸ್ಸು ಮುಗಿದ ಸಾಮಾನನ್ನು ಸಾಹೇಬರು ನೋಡಿ, 'ನಿರುಪಯೋಗಿ' ಎಂದು ಶೇರಾ ಬರೆದು ಸಹಿ ಮಾಡುತ್ತಾರೆ. ಅಲ್ಲಿಗೆ ಅದು ಕಂಡಮ್ ಆಯಿತು. ಮುಂದೆ ಲಿಲಾವು, ಲಿಲಾವಿನ ಹಣ ಖಜಾನೆಗೆ, ಪುಸ್ತಕದಲ್ಲಿ ಒಂದು ಕೆಂಪು ಗೆರೆ. ಹನ್ನೊಂದು ವರ್ಷಗಳಿಂದ ಈ ಕೆಂಪು ಗೆರೆ ಎಳೆಯುವ ಕಾರಕೂನಿಕೆ ನಮ್ಮದು. ಒಂದು ಕುರ್ಚಿಗಾಗಿ ಎಂದೂ ಮನಸ್ಸು ನೊಂದದ್ದಿಲ್ಲ.

ಹೀಗಿರಲು ಕಳೆದ ಮಳೆಗಾಲದ ಒಂದು ರವಿವಾರ, ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದ ನಮ್ಮ ತಂದೆಯವರು ಇದ್ದಕ್ಕಿದ್ದಂತೆ ಕೇಳಿದರು: "ಅಲ್ಲಪಾ, ನಮ್ಮ ಹಳೀ ಗಾಡಿ ಏನ ಮಾಡಿದ್ರಂತ?"

"ಯಾವ ಗಾಡಿ ಅಪ್ಪಾ?"

"ಎಂಟೂ ಹದಿನೇಳರ ಗಾಡಿ."

ನಮ್ಮ ತಂದೆಯವರು ೧೯೮೨ರಲ್ಲಿ ಧಾರವಾಡ ಜಿಲ್ಲೆಯಿಂದ ನೌಕರಿಗೆಂದು ಮುಂಬಯಿಗೆ ಬಂದವರು. ಚೆಂಬೂರಿನಲ್ಲಿ ಬಿಡಾರ, ಫೋರ್ಟಿನಲ್ಲಿ ಕಚೇರಿ. ನಿವೃತ್ತರಾದ ೨೦೧೩ರವರೆಗೆ, ಮೂವತ್ತೊಂದು ವರ್ಷ, ಹಾರ್ಬರ್ ಲೈನಿನ ಅದೇ ಬೆಳಗಿನ ಗಾಡಿ, ಅದೇ ಡಬ್ಬಿ, ಬಹಳ ಮಟ್ಟಿಗೆ ಅದೇ ಜನ. ವೇಳಾಪತ್ರಿಕೆಯಲ್ಲಿ ಅದು ಎಂಟೂ ಹದಿನಾಲ್ಕಾಯಿತು, ಎಂಟೂ ಇಪ್ಪತ್ತಾಯಿತು. ಅವರ ಬಾಯಲ್ಲಿ ಮಾತ್ರ ಕೊನೆಯವರೆಗೆ ಎಂಟೂ ಹದಿನೇಳೇ. ಅವರು ನಿವೃತ್ತರಾದ ಮರುವರ್ಷ ನಾವು ಅದೇ ಗಾಡಿ ಹತ್ತಲು ಪ್ರಾರಂಭಿಸಿದೆವು. ಆದುದರಿಂದ ಪ್ರಶ್ನೆ ಒಂದು ರೀತಿಯಲ್ಲಿ ಇಬ್ಬರದೂ ಆಗಿತ್ತು. ಉತ್ತರವನ್ನು ನಾವು ಬಲ್ಲೆವು. ಕೆಂಪು ಗೆರೆ, ಲಿಲಾವು, ಗುಜರಿ. ಆದರೆ ಎಲೆಯಡಿಕೆ ಮೆಲ್ಲುತ್ತ ಕೂತ ಹಿರಿಯರೆದುರು ಅದನ್ನು ಹೇಳಲು ನಾಲಿಗೆ ಏಳಲಿಲ್ಲ. "ವಿಚಾರಿಸಿ ಹೇಳತೇನಿ" ಎಂದು ಕಾರಕೂನರ ಉತ್ತರವನ್ನೇ ಕೊಟ್ಟೆವು. ಹಾಗೆ ವಿಚಾರಿಸಹೋಗಿ ಕಲೆಹಾಕಿದ ಸಂಗತಿಗಳೇ ಈ ಲೇಖನ.

ಭಾರತದ ಮೊದಲ ವಿದ್ಯುತ್ ರೈಲು ಓಡಿದ್ದು ನಮ್ಮ ಈ ಹಾರ್ಬರ್ ಲೈನಿನ ಮೇಲೆಯೇ. ೧೯೨೫ನೆಯ ಇಸವಿ ಫೆಬ್ರುವರಿ ೩ರಂದು ಆಗಿನ ಮುಂಬಯಿ ಗವರ್ನರ್ ಸರ್ ಲೆಸ್ಲಿ ವಿಲ್ಸನ್ ಅವರು ವಿಕ್ಟೋರಿಯಾ ಟರ್ಮಿನಸ್ಸಿನಲ್ಲಿ ಅದಕ್ಕೆ ಚಾಲನೆ ಕೊಟ್ಟರು. ಗಾಡಿ ಕುರ್ಲಾದವರೆಗೆ ಹೋಯಿತು. ನಾಲ್ಕು ಡಬ್ಬಿಗಳ ಗಾಡಿ. ಡಬ್ಬಿಗಳು ಬಂದದ್ದು ಇಂಗ್ಲೆಂಡು ಮತ್ತು ಜರ್ಮನಿಗಳಿಂದ. ತಂತಿಯಲ್ಲಿ ೧,೫೦೦ ವೋಲ್ಟಿನ ನೇರ ವಿದ್ಯುತ್ತು, ಅಂದರೆ ರೈಲ್ವೆಯವರು ಡಿ.ಸಿ. ಎನ್ನುವುದು. ೧೯೨೮ರ ಜನವರಿಯಲ್ಲಿ ಪಶ್ಚಿಮದ ಲೈನಿನಲ್ಲೂ ಕೊಲಾಬಾದಿಂದ ಬೋರಿವಲಿಯವರೆಗೆ ಇಂಥ ಗಾಡಿಗಳು ಬಂದವು. ಆ ಕಾಲಕ್ಕೆ ಕೊಲಾಬಾಕ್ಕೂ ರೈಲಿತ್ತು.

ಇದೇ ಡಿ.ಸಿ. ವಿದ್ಯುತ್ತಿನ ಮೇಲೆ ಮುಂಬಯಿ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಓಡಾಡಿತು. ಡಬ್ಬಿಗಳು ಬದಲಾದವು, ಬಣ್ಣಗಳು ಬದಲಾದವು, ನಾಲ್ಕು ಡಬ್ಬಿ ಒಂಬತ್ತಾಗಿ ಹನ್ನೆರಡಾದವು, ವಿದ್ಯುತ್ತು ಅದೇ. ೨೦೧೨ರಲ್ಲಿ ಪಶ್ಚಿಮ ರೈಲ್ವೆಯವರು ತಮ್ಮ ಲೈನನ್ನು ಪೂರ್ತಿಯಾಗಿ ೨೫,೦೦೦ ವೋಲ್ಟಿನ ಎ.ಸಿ.ಗೆ ಬದಲಾಯಿಸಿದರು. ಆಮೇಲೆ ಮಧ್ಯ ರೈಲ್ವೆ. ಕಟ್ಟಕಡೆಯ ಡಿ.ಸಿ. ಲೋಕಲು ಕುರ್ಲಾದಿಂದ ವಿ.ಟಿ.ಗೆ ಹೊರಟದ್ದು ೨೦೧೬ರ ಏಪ್ರಿಲ್ ೯ರ ರಾತ್ರಿ. ೧೯೨೫ರ ಗಾಡಿ ಹೋಗಿ ನಿಂತದ್ದು ಕುರ್ಲಾದಲ್ಲಿ. ೨೦೧೬ರದು ಅಲ್ಲಿಂದಲೇ ಹಿಂದಿರುಗಿತು. ನಡುವೆ ತೊಂಬತ್ತೊಂದು ವರ್ಷ.

ಇಷ್ಟೇಕೆ ಬದಲಾಯಿಸಬೇಕಿತ್ತು ಎಂದು ತಂದೆಯವರು ಕೇಳದೆ ಬಿಡಲಿಲ್ಲ. ನಾವು ಬಿ.ಎ. ಓದಿದವರು, ಇಂಜಿನಿಯರರಲ್ಲ. ಆದರೂ ತಿಳಿದಷ್ಟನ್ನು ಲೆಕ್ಕದಲ್ಲಿ ಹೇಳಿದೆವು. ೨೫,೦೦೦ ವೋಲ್ಟಿನಲ್ಲಿ ಒಂದು ಆಂಪಿಯರು ಮಾಡುವ ಕೆಲಸಕ್ಕೆ ೧,೫೦೦ ವೋಲ್ಟಿನಲ್ಲಿ ಸುಮಾರು ಹದಿನೇಳು ಆಂಪಿಯರು ಬೇಕು. ಅಷ್ಟು ವಿದ್ಯುತ್ ಪ್ರವಾಹವನ್ನು ಹೊರಲು ತಂತಿ ದಪ್ಪವಾಗಬೇಕು, ಸಬ್ ಸ್ಟೇಶನ್ನುಗಳು ಹತ್ತಿರ ಹತ್ತಿರ ಇರಬೇಕು. ಅಷ್ಟಾದರೂ ಉದ್ದದ ಗಾಡಿಗಳು ಒಂದರ ಹಿಂದೊಂದು ಹೊರಟರೆ ತಂತಿಗೆ ಭಾರ. ಮೇಲಾಗಿ ಹಳೆಯ ಡಿ.ಸಿ. ಗಾಡಿಯಲ್ಲಿ, ನಿಲ್ದಾಣದಿಂದ ಹೊರಡುವಾಗ ಮೋಟರಿಗೆ ಒಮ್ಮೆಲೇ ವಿದ್ಯುತ್ತು ನುಗ್ಗದಂತೆ ತಡೆಯಲು ಲೋಹದ ತಡೆಪಟ್ಟಿಗಳಿರುತ್ತಿದ್ದವು. ವಿದ್ಯುತ್ತಿನ ಒಂದು ಪಾಲು ಅವುಗಳಲ್ಲಿ ಬಿಸಿಯಾಗಿ ಹಾಳಾಗುತ್ತಿತ್ತು. ಹೊಸ ಗಾಡಿಗಳು ಬ್ರೇಕು ಹಾಕಿದಾಗ ವಿದ್ಯುತ್ತನ್ನು ತಂತಿಗೇ ಹಿಂದಿರುಗಿಸುತ್ತವೆ. ಬದಲಾವಣೆ ತಪ್ಪೆಂದು ಯಾರೂ ಹೇಳಲಾರರು. ನಮ್ಮ ತಂದೆಯವರೂ ಹೇಳಲಿಲ್ಲ. "ಆತು, ಛಲೋ ಆತು. ಆದರ ಒಂದ ಡಬ್ಬೀನಾದ್ರೂ ಇಡಬೇಕಿತ್ತೋ ಇಲ್ಲೋ?" ಎಂದರಷ್ಟೆ.

ಈ ಮಾತಿನಲ್ಲಿ ಕಾಣುವುದಕ್ಕಿಂತ ಹೆಚ್ಚಿನ ತೊಡಕಿದೆ. ಹಳೆಯ ಉಗಿಬಂಡಿಯನ್ನು ಉಳಿಸುವುದು ಸುಲಭವೆಂದಲ್ಲ. ಆದರೆ ಅದು ತನ್ನ ಬೆಂಕಿಯನ್ನು ತಾನೇ ಹೊತ್ತು ತಿರುಗುವ ಪ್ರಾಣಿ. ಕಲ್ಲಿದ್ದಲು, ನೀರು, ಒಂದಿಷ್ಟು ಹಳಿ ಇದ್ದರೆ ಸಾಕು. ೧೮೫೫ರಲ್ಲಿ ಕಟ್ಟಿದ ನಮ್ಮ 'ಫೇರಿ ಕ್ವೀನ್' ಬಂಡಿಯನ್ನು ೧೯೯೭ರಲ್ಲಿ ಮತ್ತೆ ಹಳಿಯ ಮೇಲೆ ಓಡಿಸಿದರು. ಲೋಕಲ್ ಗಾಡಿಯ ಜೀವ ಅದರ ಮೈಯಲ್ಲಿಲ್ಲ, ಮೇಲಿನ ತಂತಿಯಲ್ಲಿದೆ. ತಂತಿಯ ವಿದ್ಯುತ್ತು ಬದಲಾದ ದಿನ, ಮೋಟರು, ಚಕ್ರ, ಬಾಗಿಲು ಎಲ್ಲವೂ ಗಟ್ಟಿಯಾಗಿದ್ದರೂ, ಅದು ನಿಂತಲ್ಲಿಯೇ ಹೆಣ. ನಮ್ಮ ದೇಶದಲ್ಲಿ ಬ್ರಾಡ್‌ಗೇಜ್ ಹಳಿಯ ಮೇಲೆ ೧,೫೦೦ ವೋಲ್ಟಿನ ಡಿ.ಸಿ. ಇದ್ದದ್ದು ಮುಂಬಯಿ ಮತ್ತು ಅದರಿಂದ ಘಟ್ಟ ಹತ್ತುವ ಲೈನುಗಳಲ್ಲಿ ಮಾತ್ರ. ಇಲ್ಲಿ ಬೇಡವಾದ ಗಾಡಿಗೆ ಬೇರೆ ತವರಿರಲಿಲ್ಲ.

ಇನ್ನೊಂದು ಕಾರಣವೂ ಇದೆ. ಎಂಜಿನ್ನಿಗೆ ಹೆಸರಿಡುತ್ತಾರೆ, ಲೋಕಲ್ ಡಬ್ಬಿಗೆ ನಂಬರು ಮಾತ್ರ. ದಿಲ್ಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿ ಡೆಕ್ಕನ್ ಕ್ವೀನ್ ಎಳೆದ ಜಾತಿಯ ಒಂದು ಹಳೆಯ ವಿದ್ಯುತ್ ಎಂಜಿನ್ನನ್ನು ಇಟ್ಟಿದ್ದಾರೆ. ಅದರ ಹೆಸರು 'ಸರ್ ರಾಜರ್ ಲಮ್ಲಿ'. ಗವರ್ನರರ ಹೆಸರು ಹೊತ್ತ ಎಂಜಿನ್ನಿಗೆ ಆಸರೆ ಸಿಕ್ಕಿತು. ದಿನಾಲು ಸಾವಿರಾರು ಜನರನ್ನು ತುಂಬಿಕೊಂಡು ಓಡಾಡಿದ ಡಬ್ಬಿಗಳು ಒಂದರಂತೆ ಇನ್ನೊಂದು ಇರುವುದರಿಂದ, 'ಇದನ್ನು ಉಳಿಸಿರಿ' ಎಂದು ಬೆರಳು ಮಾಡಿ ತೋರಿಸುವುದೂ ಕಷ್ಟ. ನಮ್ಮ ರಜಿಸ್ಟರಿನ ಕುರ್ಚಿಗಳಂತೆಯೇ.

ಹಾಗಿದ್ದರೂ ಜಗತ್ತಿನಲ್ಲಿ ಕೆಲವು ಕಡೆ ಇಂಥ ಗಾಡಿಗಳು ಉಳಿದಿವೆ. ಉಳಿದ ಬಗೆ ಮಾತ್ರ ವಿಚಿತ್ರ. ನಮಗೆ ಬಹಳ ಹಿಡಿಸಿದ್ದು ಇಂಗ್ಲೆಂಡಿನ ದಕ್ಷಿಣಕ್ಕಿರುವ ವೈಟ್ ಎಂಬ ಪುಟ್ಟ ದ್ವೀಪದ ಕಥೆ.

ಆ ದ್ವೀಪದಲ್ಲಿ ರೈಡ್ ಎಂಬ ಊರಿದೆ. ಅಲ್ಲಿ ಮರದ ಕಟ್ಟೆಯೊಂದು ಸುಮಾರು ಅರ್ಧ ಮೈಲು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಹಡಗಿನಿಂದಿಳಿದವರನ್ನು ಕರೆದೊಯ್ಯಲು ರೈಲು ಆ ಕಟ್ಟೆಯ ತುದಿಯವರೆಗೂ ಬರುತ್ತದೆ. ೧೯೬೬ರ ಡಿಸೆಂಬರದ ಕೊನೆಗೆ ಉಗಿಬಂಡಿಗಳನ್ನು ನಿಲ್ಲಿಸಿ, ಉಳಿದ ಎಂಟೂವರೆ ಮೈಲಿನ ಲೈನಿಗೆ ವಿದ್ಯುತ್ತು ತರಬೇಕಾಯಿತು. ಆದರೆ ರೈಡ್ ಊರಿನ ಕೆಳಗೆ ಒಂದು ಸುರಂಗವಿದೆ. ಅದರ ಚಾವಣಿ ತಗ್ಗು, ನೆಲದಲ್ಲಿ ನೀರು ನುಗ್ಗುವ ಕಾಟ. ನೀರಿನ ಕಾಟ ತಪ್ಪಿಸಲು ನೆಲವನ್ನು ಎತ್ತರಿಸಿದ ಮೇಲಂತೂ ಸಾಧಾರಣ ರೈಲು ಡಬ್ಬಿ ಅದರಲ್ಲಿ ಹಿಡಿಸುವಂತಿರಲಿಲ್ಲ. ಅಷ್ಟು ಗಿಡ್ಡ ಡಬ್ಬಿ ಎಲ್ಲಿದೆ? ಲಂಡನ್ನಿನ ನೆಲದಡಿಯ ರೈಲಿನಲ್ಲಿ! ಅಲ್ಲಿ ಕೊಳವೆಯಂಥ ಸುರಂಗದಲ್ಲಿ ಓಡಿ ಓಡಿ ಸವೆದು, ಗುಜರಿಗೆ ಹೋಗಲು ಸಾಲುಗಟ್ಟಿ ನಿಂತಿದ್ದ ೧೯೨೦–೩೦ರ ದಶಕಗಳ ಡಬ್ಬಿಗಳನ್ನು ತಂದು, ೧೯೬೭ರ ಮಾರ್ಚಿನಿಂದ ಸಮುದ್ರದ ಮೇಲೆ ಓಡಿಸಿದರು. ಇಡೀ ಆಯುಷ್ಯ ಪಟ್ಟಣದ ನೆಲದಡಿಯಲ್ಲಿ ಕಳೆದವಕ್ಕೆ ಮುಪ್ಪಿನಲ್ಲಿ ಸಮುದ್ರದ ಗಾಳಿ ಲಭಿಸಿತು.

ಅವು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿದವು. ಅವು ಪೂರ್ತಿ ಹಣ್ಣಾದಾಗ ೧೯೮೯ರಲ್ಲಿ ಬದಲಿಗೆ ಬಂದದ್ದೂ ಹೊಸದಲ್ಲ. ಲಂಡನ್ನಿನದೇ ೧೯೩೮ರ ಗಾಡಿಗಳು. ಅಷ್ಟರಲ್ಲೇ ಐವತ್ತು ದಾಟಿದ್ದ ಈ ಅಜ್ಜಂದಿರು ೨೦೨೧ರ ಜನವರಿ ೩ರವರೆಗೆ ದಿನಾಲು ಕೆಲಸ ಮಾಡಿದರು. ಎಂಬತ್ತೆರಡು ವರ್ಷದ ಲೋಕಲ್ ಗಾಡಿ! ನಮ್ಮಲ್ಲಿ ಇಂಥ ಡಬ್ಬಿಗೆ ನಿಯಮದ ಪ್ರಕಾರ ಇಪ್ಪತ್ತೈದು ವರ್ಷದ ಆಯುಷ್ಯ. ಅವು ಹೋದ ಮೇಲೆ ಈಗ ಅಲ್ಲಿ ಓಡುವವೂ ಲಂಡನ್ನಿನ ಇನ್ನೊಂದು ಲೈನಿನಿಂದ ನಿವೃತ್ತವಾದ, ೧೯೮೦ರ ಸುಮಾರಿನ ಡಬ್ಬಿಗಳನ್ನು ತಿದ್ದಿ ಮಾಡಿದವು. ೧೯೩೮ರ ಗಾಡಿಗಳಲ್ಲಿ ಒಂದನ್ನು ಆ ದ್ವೀಪದ ಉಗಿಬಂಡಿ ಪ್ರೇಮಿಗಳೇ ತಮ್ಮ ಹೇವನ್‌ಸ್ಟ್ರೀಟ್ ನಿಲ್ದಾಣದಲ್ಲಿ ಇಟ್ಟುಕೊಂಡಿದ್ದಾರೆ. ಉಗಿಬಂಡಿಗಳ ಜಾಗವನ್ನು ಕಸಿದುಕೊಂಡು ಬಂದದ್ದೇ ವಿದ್ಯುತ್ ಗಾಡಿ. ಅದಕ್ಕೆ ಕೊನೆಗಾಲದಲ್ಲಿ ಅನ್ನ ಹಾಕಿದವರು ಉಗಿಬಂಡಿಯವರು! ಸಂಸಾರದಲ್ಲಿಯೂ ಹೀಗಾಗುವುದುಂಟು.

ಈ ಡಬ್ಬಿಗಳನ್ನು ಯಾರೂ ಪ್ರೀತಿಯಿಂದ ಉಳಿಸಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ತಗ್ಗು ಸುರಂಗವೊಂದಿತ್ತು, ಹೊಸದಕ್ಕೆ ದುಡ್ಡಿರಲಿಲ್ಲ. ಪ್ರೀತಿ ಆಮೇಲೆ ಬಂತು.

ಅಮೇರಿಕದ ನ್ಯೂ ಜರ್ಸಿಯ ಕಥೆ ನಮ್ಮ ಮುಂಬಯಿಗೆ ಇನ್ನೂ ಹತ್ತಿರದ್ದು. ನ್ಯೂಯಾರ್ಕಿನ ಎದುರು ದಂಡೆಯ ಹೊಬೊಕನ್ನಿನಿಂದ ಹೊರಡುವ ಲಾಕವಾನ ರೈಲ್ವೆಯ ಲೋಕಲುಗಳಿಗೆ ೧೯೩೦ರಲ್ಲಿ ೩,೦೦೦ ವೋಲ್ಟಿನ ಡಿ.ಸಿ. ವಿದ್ಯುತ್ತು ಬಂತು. ಸೆಪ್ಟೆಂಬರ್ ೩ರಂದು ಮೊದಲ ಗಾಡಿಯ ಹಿಡಿಕೆ ಹಿಡಿದು ನಡೆಸಿದವರು ಯಾರೆಂದು ತಿಳಿದಿರಿ? ಸಾಕ್ಷಾತ್ ಥಾಮಸ್ ಎಡಿಸನ್. ಆಗ ಅವರಿಗೆ ೮೩ ವರ್ಷ. ಮೋಟರು ಇದ್ದ ಡಬ್ಬಿ ೧೪೧, ಒಂದೊಂದಕ್ಕೂ ಜೋಡಿಯಾಗಿ ಮೋಟರಿಲ್ಲದ ಇನ್ನೊಂದು. ಬೆತ್ತದ ಆಸನ, ತೆರೆಯುವ ಕಿಟಕಿ, ಚಾವಣಿಯಲ್ಲಿ ಫ್ಯಾನು. ಕಚೇರಿಗೆ ಹೋಗುವ ಸ್ಥಿತಿವಂತರು ಚಂದಾ ಕೊಟ್ಟು ತಮಗಾಗಿಯೇ ಒಂದು ಕ್ಲಬ್ ಡಬ್ಬಿ ಇಟ್ಟುಕೊಳ್ಳುವ ರೂಢಿಯೂ ಇತ್ತು. ನಮ್ಮ ಲೋಕಲಿನ ಇಸ್ಪೀಟು ಮಂಡಳಿಗಳು ಚಂದಾ ಇಲ್ಲದೆಯೇ ಈ ಸೌಕರ್ಯ ಪಡೆದಿದ್ದವೆಂಬುದು ಹೆಮ್ಮೆಯ ಸಂಗತಿ.

೧೯೮೪ರಲ್ಲಿ ಅಲ್ಲಿಯೂ ತಂತಿಗೆ ೨೫,೦೦೦ ವೋಲ್ಟಿನ ಎ.ಸಿ. ಬಂತು. ಆಗಸ್ಟ್ ೨೪ರಂದು ಹಳೆಯ ಗಾಡಿಗಳು ಕೊನೆಯ ಸಲ ಓಡಿದವು. ನಮ್ಮ ಮುಂಬಯಿಯಲ್ಲಿ ಮುಂದೆ ನಡೆದದ್ದೇ, ಮೂವತ್ತು ವರ್ಷ ಮೊದಲು. ಆದರೆ ಅಲ್ಲಿ ಆಮೇಲೆ ಬೇರೆಯೊಂದು ನಡೆಯಿತು. ಬೆಟ್ಟ, ಸರೋವರ, ಕಾಡು ತೋರಿಸಲು ಪ್ರವಾಸಿಗಳನ್ನು ಕೂರಿಸಿಕೊಂಡು ಹೋಗುವ ಸಣ್ಣ ಸಣ್ಣ ರೈಲು ಸಂಸ್ಥೆಗಳು ಅಮೇರಿಕದಲ್ಲಿ ಬಹಳ. ಅವರಿಗೆ ಡಬ್ಬಿಗಳು ಬೇಕಾಗಿದ್ದವು. ಲಾಕವಾನದ ಡಬ್ಬಿಗಳು ಐವತ್ತನಾಲ್ಕು ವರ್ಷ ಓಡಿದ್ದರೂ ಉಕ್ಕಿನ ಮೈ ಗಟ್ಟಿ, ಕಿಟಕಿ ದೊಡ್ಡವು. ಮೋಟರು ಸತ್ತರೆ ಸಾಯಲಿ, ಮುಂದೆ ಡೀಸೆಲ್ ಎಂಜಿನ್ನನ್ನೋ ಉಗಿಬಂಡಿಯನ್ನೋ ಕಟ್ಟಿ ಎಳೆದರಾಯಿತು! ಹೀಗೆ ಅನೇಕ ಡಬ್ಬಿಗಳು ಗುಜರಿಯಿಂದ ಪಾರಾದವು. ನ್ಯೂ ಹ್ಯಾಂಪ್‌ಶೈರಿನಲ್ಲಿ ಅವು ವಿನ್ನಿಪೆಸಾಕಿ ಸರೋವರದ ದಂಡೆಯ ಲೈನಿನಲ್ಲಿ ಪ್ರವಾಸಿಗಳನ್ನು ಹೊತ್ತವು. ನ್ಯೂ ಜರ್ಸಿಯಲ್ಲೇ ಹ್ವಿಪ್ಪನಿ ಎಂಬಲ್ಲಿಯ ರೈಲು ಸಂಗ್ರಹಾಲಯದವರು ಕೆಲವನ್ನು ಜೋಪಾನ ಮಾಡಿದ್ದಾರೆ. ಇದಕ್ಕೆ ಶುದ್ಧ ಭಕ್ತರ ಆಕ್ಷೇಪವೂ ಉಂಟು. ತನ್ನ ಕಾಲ ಮೇಲೆ ಓಡುತ್ತಿದ್ದುದನ್ನು ಇನ್ನೊಬ್ಬರು ಎಳೆದರೆ ಅದೆಂಥ ವಿದ್ಯುತ್ ಗಾಡಿ ಎಂದು. ನಮ್ಮ ಅಭಿಪ್ರಾಯದಲ್ಲಿ ಇದು ಹೊಟ್ಟೆ ತುಂಬಿದವರ ಆಕ್ಷೇಪ. ಮನೆಯ ಹಿರಿಯರನ್ನು ಕೈಹಿಡಿದು ನಡೆಸುತ್ತೇವೆಂದು ಅವರು ಹಿರಿಯರಲ್ಲದೆ ಹೋಗುತ್ತಾರೆಯೇ?

ಮದ್ರಾಸಿನ ಓದುಗರು ತಮ್ಮನ್ನು ಮರೆತೆವೆಂದು ಬಗೆಯಬಾರದು. ಬೀಚಿನಿಂದ ತಾಂಬರಮ್ಮಿಗೆ ೧೯೩೧ರಲ್ಲೇ ಮೀಟರ್‌ಗೇಜ್ ವಿದ್ಯುತ್ ಗಾಡಿ ಬಂದಿತ್ತು. ೧೯೬೦ರ ದಶಕದಲ್ಲಿ ಅದರ ವಿದ್ಯುತ್ತು ಬದಲಾಯಿತು. ೨೦೦೪ರಲ್ಲಿ ಹಳಿಯೇ ಬದಲಾಗಿ ಬ್ರಾಡ್‌ಗೇಜ್ ಆಯಿತು. ಮುಂಬಯಿಯ ಡಬ್ಬಿ ತಂತಿಯಿಂದ ಸತ್ತರೆ ಅಲ್ಲಿಯದು ಹಳಿಯಿಂದ. ಎಗ್ಮೋರು, ಮಾಂಬಲಮ್ಮುಗಳಲ್ಲಿ ಆ ಪುಟ್ಟ ಗಾಡಿ ಹತ್ತಿದ ಕನ್ನಡ ಮನೆತನಗಳು ನಮ್ಮ ವಾಚಕರಲ್ಲಿರಬೇಕು. ಅವರ ನೆನಪುಗಳನ್ನು ಅವರೇ ಬರೆದರೆ ಚೆನ್ನು.

ಇವೆಲ್ಲವನ್ನೂ ಒಂದು ರವಿವಾರ ತಂದೆಯವರಿಗೆ ಒಪ್ಪಿಸಿದೆವು. ಏಳು ವರ್ಷದ ನಮ್ಮ ಮಗಳು ಅಜ್ಜನ ತೊಡೆಗೆ ಒರಗಿ ಕೂತಿದ್ದಳು. ವೈಟ್ ದ್ವೀಪದ ಗಾಡಿಯ ಚಿತ್ರ ತೋರಿಸಿದಾಗ ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಭಾಳ ಸಣ್ಣದ. ನಮ್ಮ ಡಬ್ಬೀಗೆ ಸರಿ ಬರಂಗಿಲ್ಲ" ಎಂದರು. ಆಮೇಲೆ ಮೊಮ್ಮಗಳಿಗೆ ತಮ್ಮ ಡಬ್ಬಿಯ ವರ್ಣನೆ ಪ್ರಾರಂಭವಾಯಿತು. ಮೂವರ ಸೀಟಿನ ಮೇಲೆ ನಾಲ್ಕನೆಯವನಾಗಿ ಅರ್ಧ ಕೂತು ಅರ್ಧ ನಿಲ್ಲುವ ಕ್ರಮ. ಗಾಡಿ ತಿರುವು ತಕ್ಕೊಂಡಾಗ ಸಾಲಾಗಿ ತೂಗಿ ಖಟಖಟ ಎನ್ನುವ ಕಬ್ಬಿಣದ ಹಿಡಿಕೆಗಳು. ನಿಲ್ದಾಣದಲ್ಲಿ ನಿಂತಾಗ ನೆಲದಡಿಯಲ್ಲಿ ಢಗಢಗ ಬಡಿದುಕೊಳ್ಳುವ ಕಂಪ್ರೆಸರು. ಒಮ್ಮೆಲೇ ದೀಪ ಆರಿ, ಜನ ಮಾತು ನಿಲ್ಲಿಸುವ ಮೊದಲೇ ಮತ್ತೆ ಹತ್ತುವುದು. ಭಜನೆಯವರು ತಾಳವಿಲ್ಲದಾಗ ತಗಡಿನ ಗೋಡೆಯನ್ನೇ ಬಡಿಯುತ್ತಿದ್ದುದು.

"ಮತ್ತ ಫ್ಯಾನ್ ತಿರಗಲಿಲ್ಲಂದ್ರ ಏನ ಮಾಡತಿದ್ವಿ ಹೇಳು ನೋಡೋಣ?"

"ಏನ ಮಾಡತಿದ್ರಿ ಅಜ್ಜಾ?"

ಅಜ್ಜನವರು ಅಂಗಿಯ ಕಿಸೆಯಿಂದ ಬಾಚಣಿಗೆ ತೆಗೆದು, ಎದ್ದು ನಿಂತು, ಕೈ ಮೇಲೆತ್ತಿ, ಇಲ್ಲದ ಫ್ಯಾನಿನ ಜಾಲರಿಯೊಳಗೆ ತೂರಿಸಿ ಒಂದು ತಳ್ಳು ತಳ್ಳಿ ತೋರಿಸಿದರು. ಮುಂಬಯಿಯ ವಾಚಕರಿಗೆ ಈ ವಿದ್ಯೆ ಗೊತ್ತು. ಮಗುವಿಗೆ ಮಾತ್ರ ಅರ್ಥವಾಗಲಿಲ್ಲ. "ಕಂಗವಾದಿಂದ ಫ್ಯಾನ್ ಹೆಂಗ ತಿರಗತದ?" ಎಂದು ಕೇಳಿದಳು. ಇಂಥದನ್ನು ಬಾಯಿಮಾತಿನಲ್ಲಿ ತಿಳಿಸುವುದು ಕಷ್ಟ. ಒಂದು ಡಬ್ಬಿ ಇದ್ದಿದ್ದರೆ ಕರೆದುಕೊಂಡು ಹೋಗಿ, ಎತ್ತಿ ಹಿಡಿದು, ಬಾಚಣಿಗೆ ಕೊಡಬಹುದಿತ್ತು.

ಹಳೆಯದೆಲ್ಲ ಚೆನ್ನಾಗಿತ್ತೆಂದು ನಾವು ಹೇಳುವವರಲ್ಲ. ಆ ಗಾಡಿಯ ತೆರೆದ ಬಾಗಿಲು ಎಷ್ಟು ಮನೆಗಳ ದೀಪ ಆರಿಸಿದೆಯೆಂಬುದು ಈ ಊರಿನವರಿಗೆ ತಿಳಿದದ್ದೇ. ನಮ್ಮ ತಂದೆಯವರ ಗುಂಪಿನವರೇ ಒಬ್ಬರು ಒಂದು ಮಳೆಗಾಲದ ಸಂಜೆ ಮನೆ ತಲುಪಲಿಲ್ಲ. ಮುಚ್ಚುವ ಬಾಗಿಲಿನ ತಂಪುಗಾಡಿಗಳು ೨೦೧೭ರ ಡಿಸೆಂಬರಿನಿಂದ ಬಂದಿವೆ, ಇನ್ನೂ ಬರಲಿ. ಆದರೆ ಹಾಗೆ ಬಂದಂತೆಲ್ಲ, ನಾವು ಈ ಹೊತ್ತು ಹತ್ತಿಳಿಯುವ ತೆರೆದ ಬಾಗಿಲಿನ ಗಾಡಿಗಳೂ ಒಂದೊಂದಾಗಿ ಕೆಂಪು ಗೆರೆಯ ಕಡೆಗೆ ಸಾಗುತ್ತವೆ. ಅವುಗಳಲ್ಲಿ ಮೊದಲು ಬಂದವಕ್ಕೆ ಇಪ್ಪತ್ತೈದು ವರ್ಷ ತುಂಬುವ ಕಾಲ ಬಂದಿದೆ. ಡಿ.ಸಿ. ಡಬ್ಬಿಗಾಗಿ ಹಲುಬುವುದಕ್ಕಿಂತ ಇವುಗಳಲ್ಲಿ ಒಂದನ್ನಾದರೂ ಈಗಲೇ ಆರಿಸಿಡುವುದು ಜಾಣತನ. ಓಡಿಸಲೇಬೇಕೆಂದಿಲ್ಲ. ಮಳೆ ತಾಕದ ಒಂದು ಮಾಡಿನ ಕೆಳಗೆ, ಎರಡನೆಯ ದರ್ಜೆಯ ಒಂದು ಡಬ್ಬಿ, ಅದರ ಸೀಟು, ಹಿಡಿಕೆ, ಫ್ಯಾನು, ಹೆಂಗಸರ ಡಬ್ಬಿಯ ಜಾಲರಿ, ಗೋಡೆಯ ಜಾಹಿರಾತು ಸಮೇತ ಇದ್ದರೆ ಸಾಕು. ಮುಂಬಯಿ ಮಳೆಯಲ್ಲಿ ಬಯಲಿಗೆ ನಿಲ್ಲಿಸಿದ ಉಕ್ಕು ನಾಲ್ಕು ವರ್ಷದಲ್ಲಿ ಏನಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ, ಮಾಡು ಮುಖ್ಯ. ೨೦೨೧ರಲ್ಲಿ ವಿ.ಟಿ.ಯ ಆವರಣದಲ್ಲಿ ಹಳೆಯ ರೈಲು ಡಬ್ಬಿಯೊಂದನ್ನು ಉಪಾಹಾರಗೃಹ ಮಾಡಿದ್ದರು. ಗುಜರಿಗಿಂತ ಅದು ಎಷ್ಟೋ ಮೇಲು. ಆದರೆ ಮೇಜು ಕುರ್ಚಿ ಹಾಕಿದ ಮೇಲೆ ನಾಲ್ಕನೆಯ ಸೀಟಿಗೆ ಜಾಗವೆಲ್ಲಿ?

ಅಲ್ಲಿಯವರೆಗೆ ನಮ್ಮ ಕೈಲಾದ ಒಂದು ಸಣ್ಣ ಕೆಲಸವಿದೆ. ಖಂಡೇನವಮಿಯ ದಿನ ಮುಂಬಯಿಯ ಲೋಕಲುಗಳಲ್ಲಿ ಪ್ರಯಾಣಿಕರು ತಮ್ಮ ತಮ್ಮ ಡಬ್ಬಿಗೆ ಮಾಲೆ ಕಟ್ಟಿ ಪೂಜೆ ಮಾಡುವ ಪದ್ಧತಿ ಇದೆ. ಊರಲ್ಲಿ ಬಂಡಿ, ನೇಗಿಲು, ತಕ್ಕಡಿ ಪೂಜಿಸಿದ ನಮ್ಮ ಜನಕ್ಕೆ ಇದು ಹೊಸದೆನಿಸಲಿಲ್ಲ. ತಂದೆಯವರ ಡಬ್ಬಿಗೆ ಚೆಂಡುಹೂವು ತರುವ ಪಾಳಿ ಬಹುಕಾಲ ನಮ್ಮ ಮನೆಯದೇ ಆಗಿತ್ತು. ತಾಯಿಯವರು ಹಿಂದಿನ ರಾತ್ರಿಯೇ ಮಾಲೆ ಕಟ್ಟಿಡುತ್ತಿದ್ದರು. ಆ ದಿನ ತೆಗೆದ ಚಿತ್ರಗಳು ಅನೇಕ ಮನೆಗಳ ಆಲ್ಬಮ್ಮಿನಲ್ಲಿರುತ್ತವೆ. ಡಬ್ಬಿಯ ಒಳಗಿನ ಚಿತ್ರ ಯಾರ ಬಳಿಯಲ್ಲಿದ್ದರೂ ಸಂಘದ ಕಚೇರಿಗೆ ತಲುಪಿಸಬೇಕಾಗಿ ಬಿನ್ನಹ. ನಕಲು ತೆಗೆದುಕೊಂಡು ಮೂಲವನ್ನು ಹಿಂದಿರುಗಿಸುವೆವು. ಯಾವ ಲೈನು, ಎಷ್ಟು ಗಂಟೆಯ ಗಾಡಿ, ಯಾವ ಇಸವಿ ಎಂಬುದನ್ನು ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿರಲಿ.

ನಮ್ಮ ಮನೆಯಲ್ಲಿಯೂ ಒಂದಿದೆ, ೧೯೯೬ರದು. ಹದಿನಾಲ್ಕು ಜನ ಹಣೆಗೆ ಕುಂಕುಮ ಇಟ್ಟುಕೊಂಡು, ಕೈಯಲ್ಲಿ ಪೇಡೆ ಹಿಡಿದು ನಗುತ್ತಿದ್ದಾರೆ. ತಂದೆಯವರು ಒಬ್ಬೊಬ್ಬರ ಹೆಸರನ್ನೂ ಊರನ್ನೂ ಹೇಳುತ್ತಾರೆ. ಜನ ಹೀಗೆ ಒತ್ತಿ ನಿಂತದ್ದರಿಂದ ಡಬ್ಬಿ ಮಾತ್ರ ಕಾಣುವುದಿಲ್ಲ. ಮೇಲಿನ ಮೂಲೆಯಲ್ಲಿ ಒಂದು ಹಿಡಿಕೆ, ಮತ್ತು ಚೆಂಡುಹೂವಿನ ಮಾಲೆ ಸುತ್ತಿದ ಫ್ಯಾನಿನ ಅರ್ಧ.